ಅಕ್ಕನ ಕಿಡ್ನಿ, ನನ್ನ ಹಿಂಗಾವಲು ಪಡೆ

ನನ್ನ ಹೊಟ್ಟೆಯ ಬಲಭಾಗದಲ್ಲಿ ಈಗ ನನ್ನದಲ್ಲದ ಒಂದು ಕಿಡ್ನಿ ಇದೆ. ಅದು ನನ್ನ ಅಕ್ಕ ನೀಲಮ್ಮನದು. ಅಕ್ಕನ ಹಾಗೆಯೇ, ಹೇಳಿಸಿಕೊಳ್ಳದೆ ಕೆಲಸ ಮಾಡುತ್ತದೆ. ಹೊಸದಾಗಿ ಡಯಾಲಿಸಿಸ್ ಶುರುವಾದವರು, ಅವರ ಮನೆಯವರು ಆಗಾಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಏನು ತಿನ್ನಬೇಕು, ಯಾವ ಊರಿಗೆ ಹೋಗಬೇಕು, ಸೂಜಿ ಎಷ್ಟು ನೋಯುತ್ತದೆ ಎಂದೆಲ್ಲ ಕೇಳುತ್ತಾರೆ. ಇವಕ್ಕೆಲ್ಲ ಡಾಕ್ಟರು ನನಗಿಂತ ಚೆನ್ನಾಗಿ ಉತ್ತರ ಕೊಡುತ್ತಾರೆ. ಯಾರೂ ಬಾಯಿಬಿಟ್ಟು ಕೇಳದ ಒಂದು ಸಂಗತಿ ಮಾತ್ರ ಬಂದವರ ಮುಖದಲ್ಲೆಲ್ಲ ಕಾಣುತ್ತದೆ. ಮನೆಯವರ ಹೆಗಲ ಮೇಲೆ ಕೂತು ಬದುಕುತ್ತಿದ್ದೇನಲ್ಲ ಎಂಬ ಅಪರಾಧಿ ಭಾವ ಅದು. ನಾನು ಅದನ್ನು ಹೊಟ್ಟೆ ತುಂಬ ಉಂಡವನು, ಹಾಗಾಗಿ ಅದರ ಬಗ್ಗೆಯೇ ಬರೆಯುತ್ತಿದ್ದೇನೆ. ಬರೆಯಬೇಕೆಂದರೆ ನನ್ನ ಗೊಂಬೆಗಳ ಯುದ್ಧದ ವಿಷಯವನ್ನೂ ಹೇಳಬೇಕಾಗುತ್ತದೆ. ನಗುವವರು ಈಗಲೇ ನಕ್ಕುಬಿಡಿ.

ನಾನು ಸುರಪುರದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮಾಸ್ತರ. ಮನೆ ಶಹಾಪುರದಲ್ಲಿ. ಹೈದರಾಬಾದಿನ ಫುಟ್‌ಪಾತಿನಲ್ಲಿ ಸಿಕ್ಕ ಒಂದು ಹಳೆಯ ಪುಸ್ತಕದಿಂದ ಈ ಚಟ ಅಂಟಿತು. ನೆಪೋಲಿಯನ್ ಕಾಲದ ಯುದ್ಧಗಳನ್ನು ಬೆರಳುದ್ದದ ಸೈನಿಕರ ಗೊಂಬೆಗಳಿಂದ ಮೇಜಿನ ಮೇಲೆ ಆಡುವ ಆಟ. ಅಳತೆ ಪಟ್ಟಿ ಹಿಡಿದು ಪಡೆಗಳನ್ನು ಸರಿಸಬೇಕು, ದಾಳ ಹಾಕಿ ಗುಂಡು ಹಾರಿಸಬೇಕು. ಎದುರಾಳಿ ಇಲ್ಲದಿದ್ದರೆ ಒಬ್ಬರೇ ಆಡಬಹುದು; ಆಗ ಶತ್ರುವಿನ ನಡೆಯನ್ನು ದಾಳವೇ ಹೇಳುತ್ತದೆ. ಶಹಾಪುರದಲ್ಲಿ ನನಗೆ ಎದುರಾಳಿ ಎಲ್ಲಿ ಸಿಗಬೇಕು? ಪಾರ್ಸಲ್‌ನಲ್ಲಿ ತರಿಸಿದ ಪ್ಲಾಸ್ಟಿಕ್ ಸೈನಿಕರಿಗೆ, ಬೋರ್ಡು ಬರೆಯುವವರ ಅಂಗಡಿಯಲ್ಲಿ ಉಳಿದ ನೀಲಿ ಬಣ್ಣ ಬಳಿದೆ. ಕಾಲರಿನ ಕೆಂಪಿಗೆ ನನ್ನ ಹೆಂಡತಿ ಸುವರ್ಣಾಳ ಉಗುರಿನ ಬಣ್ಣ. ಮುರಿದ ಬಾಗಿಲ ಹಲಗೆಯೇ ರಣರಂಗ. ರಷ್ಯಾದ ಹಿಮಕ್ಕೆ ರಂಗೋಲಿ ಪುಡಿ.

ರೋಗ ಕಾಲಿನಿಂದ ಶುರುವಾಯಿತು. ಸಂಜೆ ಚಪ್ಪಲಿ ಬಿಟ್ಟರೆ ಪಟ್ಟಿಯ ಗುರುತು ಬೆಳಗಿನವರೆಗೆ ಪಾದದ ಮೇಲೆ ಉಳಿಯುತ್ತಿತ್ತು. ನಿಂತು ಪಾಠ ಮಾಡಿ ಹೀಗಾಗಿದೆ ಎಂದುಕೊಂಡೆ. ಶಹಾಪುರದ ಡಾಕ್ಟರು ಬಿಪಿ ನೋಡಿದರು, ಮುಖ ಗಂಟು ಹಾಕಿಕೊಂಡು ಇನ್ನೊಂದು ಕೈಗೆ ಪಟ್ಟಿ ಕಟ್ಟಿ ಮತ್ತೆ ನೋಡಿದರು, ಆಮೇಲೆ ಯಂತ್ರವೇ ಕೆಟ್ಟಿದೆಯೇನೋ ಎಂದು ಬೇರೆ ಯಂತ್ರ ತರಿಸಿದರು. ಕಲಬುರಗಿಗೆ ಕಳಿಸಿದರು. ಅಲ್ಲಿಯ ಆಸ್ಪತ್ರೆಯ ಬೆಂಚಿನ ಮೇಲೆ ನಾನೂ ಸುವರ್ಣಾಳೂ ಕೂತಾಗ ಪಕ್ಕದ ಹೆಣ್ಣುಮಗಳೊಬ್ಬಳು ಶೇಂಗಾ ಸುಲಿದು ನಮಗೂ ಕೊಟ್ಟಳು. ನಾವು ತಿಂದೆವು. ಒಳಗೆ ಡಾಕ್ಟರು ರಿಪೋರ್ಟು ನೋಡುತ್ತಲೇ, ಎರಡೂ ಹೋಗ್ಯಾವ್ರಿ ಎಂದರು. ನನಗೆ ಆ ಕ್ಷಣ ನೆನಪಾದದ್ದು ಹತ್ತನೇ ತರಗತಿಯ ಮುಗಿಯದ ಪಾಠಗಳು. ವಾಪಸು ಬರುವಾಗ ಜೇವರ್ಗಿಯಲ್ಲಿ ಬಸ್ಸು ನಿಂತಾಗ ಸುವರ್ಣಾ ಬಜ್ಜಿ ಕೊಂಡಳು, ಅರ್ಧ ಮುರಿದು ನನ್ನ ಕೈಗಿಟ್ಟಳು, ಉಪ್ಪು ತಿನ್ನಬಾರದೆಂದು ಡಾಕ್ಟರು ಹೇಳಿದ್ದು ನೆನಪಾಗಿ ವಾಪಸು ಕಸಿದುಕೊಂಡಳು. ಆಮೇಲೆ ಅವಳೂ ತಿನ್ನಲಿಲ್ಲ. ಆ ಬಜ್ಜಿ ಶಹಾಪುರದವರೆಗೆ ಅವಳ ಮಡಿಲಲ್ಲೇ ತಣ್ಣಗಾಯಿತು. ನನ್ನ ಅಪರಾಧಿ ಭಾವ ಅಲ್ಲಿಂದ ಶುರುವಾಯಿತೆಂದು ಹೇಳಬಹುದು.

ಡಯಾಲಿಸಿಸ್‌ಗೆ ಯಾದಗಿರಿಗೆ ಹೋಗಬೇಕಾಯಿತು, ವಾರಕ್ಕೆ ಮೂರು ಸಲ. ನನ್ನ ಪಕ್ಕದ ಹಾಸಿಗೆಯಲ್ಲಿ ಕೊಂಕಲ್ ಎಂಬ ಹಳ್ಳಿಯ ಒಬ್ಬ ಹಿರಿಯರು ಮಲಗುತ್ತಿದ್ದರು. ಅವರ ಮನೆಯಲ್ಲಿ ಕಿಡ್ನಿ ಹೊಂದುವವರು ಯಾರೂ ಇರಲಿಲ್ಲ. ನನ್ನ ಮನೆಯಲ್ಲಿ ಇದ್ದರು. ಸುವರ್ಣಾಳ ರಕ್ತದ ಗುಂಪು ಕೂಡಿಬರಲಿಲ್ಲ ಎಂಬ ಸುದ್ದಿ ಗೋಗಿಯಲ್ಲಿದ್ದ ಅಕ್ಕನಿಗೆ ಮುಟ್ಟಿದ ಮರುದಿನವೇ ಅವಳು ಬಸ್ಸು ಹತ್ತಿ ಬಂದು, ನಂದು ನೋಡ್ರಿ ಎಂದು ತೋಳು ಚಾಚಿದ್ದಳು. ಅವಳದು ಹೊಂದಿತು. ಡಾಕ್ಟರಿಗೆ ಖುಷಿ, ಸುವರ್ಣಾಳಿಗೆ ಹೋದ ಜೀವ ಬಂದ ಹಾಗಾಯಿತು. ನಾನು ಅಕ್ಕನ ಮುಖ ನೋಡದೆ, ನೋಡೂಣು ಎಂದೆ.

ಆ "ನೋಡೂಣು" ಬಹಳ ದಿನ ನಡೆಯಿತು. ಕೊಂಕಲ್ಲಿನವರು ಒಮ್ಮೆ ಯಂತ್ರದ ಸದ್ದಿನ ನಡುವೆ ನನ್ನ ಕಡೆ ಹೊರಳಿ ಕೇಳಿದರು.

"ಮಾಸ್ತರ, ನಿಮಗ ಕೊಡೋರು ಅದಾರಂತಲ್ರಿ. ಮತ್ತ ಇಲ್ಲ್ಯಾಕ ಮಲಗೀರಿ?"

ಇನ್ನೂ ಪರೀಕ್ಷೆಗಳು ಬಾಕಿ ಇವೆ ಎಂದು ಸುಳ್ಳು ಹೇಳಿದೆ. ಅವರು ಹೌದೌದು ಎಂದು ಆ ಕಡೆ ಹೊರಳಿದರು. ಅವರ ಬೆನ್ನು ನೋಡುತ್ತ ಉಳಿದ ಹೊತ್ತು ಕಳೆದೆ. ಅನ್ನದ ತಟ್ಟೆ ಮುಂದಿಟ್ಟುಕೊಂಡು ಉಣ್ಣದೆ ಕೂತವನನ್ನು ಹಸಿದವನೊಬ್ಬ ನೋಡಿದ ಹಾಗಾಗಿತ್ತು ಅದು.

ಹೌದೆನ್ನಲು ನನಗೆ ಏನು ಅಡ್ಡಿಯಾಗಿತ್ತು ಎಂದರೆ, ಅಕ್ಕ ನನಗಿಂತ ದೊಡ್ಡವಳು, ಕೆನಾಲಿನ ನೀರು ಬರುವ ಹೊಲದಲ್ಲಿ ಬಗ್ಗಿ ನೆಲ್ಲು ನೆಟ್ಟು ಸೊಂಟ ಸವೆಸಿದವಳು. ಅವ್ವ ಅಪ್ಪ ಹೋದ ಮೇಲೆ ನನ್ನ ಮನೆಯೇ ಅವಳ ತವರು. ತವರಿನವರು ಹೆಣ್ಣುಮಗಳಿಗೆ ಕೊಡಬೇಕು, ಉಡಿ ತುಂಬಿ ಕಳಿಸಬೇಕು. ಅವಳಿಂದ ಒಂದು ಸೀರೆ ತೆಗೆದುಕೊಂಡರೂ ನಾಲ್ಕು ಜನ ನಗುತ್ತಾರೆ. ನಾನು ಅವಳ ಹೊಟ್ಟೆ ಕೊಯ್ಯಿಸಿ ತೆಗೆದುಕೊಳ್ಳಬೇಕಾಗಿತ್ತು. ಬೇಡ ಎಂದು ಹೇಳುವ ಗಟ್ಟಿತನವೂ ಇರಲಿಲ್ಲ. ಬದುಕುವ ಆಸೆ ನನಗೆ ಬಹಳ ಇತ್ತು, ಇದನ್ನು ಮುಚ್ಚಿಡಲಾರೆ.

ಆಗ ನಾನು ಒಂದು ಹುಚ್ಚು ಕೆಲಸ ಮಾಡಿದೆ. ಆ ಹಳೆಯ ಪುಸ್ತಕದಲ್ಲಿ ಎಲ್ಲಕ್ಕಿಂತ ಕಠಿಣವೆಂದು ಬರೆದಿದ್ದ ಒಂದು ಆಟ ಇತ್ತು. ರಷ್ಯಾದಿಂದ ಸೋತು ಮರಳುತ್ತಿರುವ ನೆಪೋಲಿಯನ್ನನ ಸೈನ್ಯ ಬೆರೆಜಿನಾ ನದಿಯನ್ನು ದಾಟಬೇಕು. ಆಟದಲ್ಲಿ ಇರುವುದು ಒಂದೇ ಸೇತುವೆ. ಸೈನ್ಯ ದಾಟುವವರೆಗೆ ಒಂದು ಸಣ್ಣ ಹಿಂಗಾವಲು ಪಡೆ ಶತ್ರುವಿರುವ ಆಚೆ ದಡದಲ್ಲೇ ನಿಂತು ರಷ್ಯನ್ನರನ್ನು ತಡೆಯಬೇಕು. ಅದು ಬೇಗ ಹಿಂದೆ ಸರಿದರೆ ಶತ್ರು ಬೆನ್ನಟ್ಟಿ ಸೇತುವೆಗೇ ಬರುತ್ತಾನೆ, ತಡವಾಗಿ ಸರಿದರೆ ಸುತ್ತುವರಿದು ಕೊಲ್ಲುತ್ತಾನೆ. ಪುಸ್ತಕದ ಪ್ರಕಾರ ದಾಟಿದವರಿಗಷ್ಟೇ ಅಂಕ. ಹಿಂಗಾವಲು ಪಡೆ ಪೂರ್ತಿ ಸತ್ತರೂ ಅಂಕ ಕಳೆಯುವುದಿಲ್ಲ. ಗೆಲುವು ಗೆಲುವೇ.

ಆ ಕೊನೆಯ ಸಾಲು ನನ್ನನ್ನು ಕಾಡಿತು. ನಾನು ಮನಸ್ಸಿನಲ್ಲೇ ಒಂದು ಪಣ ಕಟ್ಟಿದೆ: ಒಮ್ಮೆಯಾದರೂ ಸೈನ್ಯದ ಜೊತೆ ಹಿಂಗಾವಲಿನವರನ್ನೂ ಈಚೆ ದಡಕ್ಕೆ ಕರೆತಂದರೆ, ಅಕ್ಕನಿಗೆ ಹೂಂ ಎನ್ನುತ್ತೇನೆ. ನಲವತ್ತು ದಾಟಿದ ಮಾಸ್ತರ, ಮಕ್ಕಳಿಗೆ ಮೂಢನಂಬಿಕೆಯ ಬಗ್ಗೆ ಭಾಷಣ ಬಿಗಿಯುವವನು, ಪ್ಲಾಸ್ಟಿಕ್ ಗೊಂಬೆಗಳ ಮುಂದೆ ಕೂತು ಹೀಗೆ ಪಣ ಕಟ್ಟಿದ್ದೆ. ಯಾರಿಗೂ ಹೇಳಲಿಲ್ಲ.

ಡಯಾಲಿಸಿಸ್ ಇಲ್ಲದ ದಿನಗಳಲ್ಲೆಲ್ಲ ಅದೇ ಆಟ. ಹಿಂಗಾವಲಿನವರನ್ನು ಗುಡಿಸಲಿನ ಹಿಂದೆ ನಿಲ್ಲಿಸಿ ನೋಡಿದೆ, ಸೇತುವೆಯ ಬಾಯಿಗೇ ನಿಲ್ಲಿಸಿ ನೋಡಿದೆ, ಕುದುರೆ ಸವಾರರನ್ನು ವಾಪಸು ಕಳಿಸಿ ಅವರಿಗೆ ಆಸರೆ ಕೊಟ್ಟು ನೋಡಿದೆ. ಸೈನ್ಯ ಎಷ್ಟೋ ಸಲ ದಾಟಿತು. ಹಿಂಗಾವಲು ಒಮ್ಮೆಯೂ ದಾಟಲಿಲ್ಲ. ಪ್ರತಿ ಆಟದ ಕೊನೆಗೆ ಆ ಹಿಡಿಯಷ್ಟು ಗೊಂಬೆಗಳನ್ನು ಒಂದು ಮಿಠಾಯಿ ಡಬ್ಬಿಯಲ್ಲಿ ಮಲಗಿಸುತ್ತಿದ್ದೆ. ಸುವರ್ಣಾ ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದಳು. ಗಂಡ ಸಾಯುವ ಹೊತ್ತಿಗೂ ಆಟ ಬಿಡಲಿಲ್ಲ ಎಂದು ಅವಳಿಗೆ ಅನ್ನಿಸಿರಬೇಕು. ಅನ್ನಿಸಿದ್ದರೂ ಅವಳು ನನ್ನ ಊಟಕ್ಕೆ ಕಾಯಿಪಲ್ಲೆ ಎರಡು ಸಲ ಕುದಿಸಿ, ಪೊಟ್ಯಾಸಿಯಂ ಇಳಿಯಲೆಂದು ನೀರು ಚೆಲ್ಲಿ ಮಾಡುವುದನ್ನು ನಿಲ್ಲಿಸಲಿಲ್ಲ.

ನನ್ನ ಒಪ್ಪಿಗೆಗೆ ಕಾಯುತ್ತಿದ್ದ ಅಕ್ಕ ಆ ದಿನಗಳಲ್ಲಿ ನಮ್ಮ ಮನೆಯಲ್ಲೇ ಉಳಿದಿದ್ದಳು. ಅವಳು ಆಟದ ಬಗ್ಗೆ ಏನೂ ಕೇಳುತ್ತಿರಲಿಲ್ಲ. ಕಸ ಗುಡಿಸುವಾಗ ಹಲಗೆಯ ಮೇಲಿನ ರಂಗೋಲಿ ಪುಡಿ ಕದಡದ ಹಾಗೆ ಸುತ್ತು ಹಾಕಿ ಗುಡಿಸುತ್ತಿದ್ದಳು. ಒಂದು ದಿನ ಮಧ್ಯಾಹ್ನ ಮಲಗಿ ಎದ್ದು ಆಟ ಹೂಡಲು ಹೋದರೆ ಮಿಠಾಯಿ ಡಬ್ಬಿ ಖಾಲಿ ಇತ್ತು. ಮನೆಯೆಲ್ಲ ಹುಡುಕಿದೆ. ಕೊನೆಗೆ ಅಕ್ಕ ತಾನೇ ಹೇಳಿದಳು. ನಾನು ಮಲಗಿದ್ದಾಗ ಆ ಗೊಂಬೆಗಳನ್ನು ಮುಷ್ಟಿಯಲ್ಲಿ ಹಿಡಿದು, ನನ್ನ ತಲೆಯಿಂದ ಕಾಲಿನವರೆಗೆ ಮೂರು ಸುತ್ತು ನಿವಾಳಿಸಿ, ಕೆನಾಲಿಗೆ ಹೋಗಿ ಹರಿಯುವ ನೀರಿಗೆ ಬಿಟ್ಟು ಬಂದಿದ್ದಳು.

"ದಿನಾ ಸಾಯೋರನ್ನ ಮನ್ಯಾಗ ಯಾಕ ಇಟ್ಕೊಂಡೀದಿ?" ಎಂದಳು. "ನಿನ್ನ ಮ್ಯಾಲಿಂದು ತಗೊಂಡು ಹೋಗ್ಲಿ ಅಂತ ನೀರಿಗಿ ಬಿಟ್ಟೆ."

ನನಗೆ ತಲೆ ಕೆಟ್ಟುಹೋಯಿತು. ನನಗೆ ತನ್ನ ಮೈಯ ಭಾಗ ಕೊಡಲು ಬಂದವಳ ಮೇಲೆ, ಎರಡು ರೂಪಾಯಿಯ ಪ್ಲಾಸ್ಟಿಕ್ಕಿಗಾಗಿ ಹರಿಹಾಯ್ದೆ. ಓದಿಲ್ಲದವಳು ಎಂದೆ, ಇನ್ನೂ ಏನೇನೋ ಅಂದೆ. ಅದನ್ನೆಲ್ಲ ಇಲ್ಲಿ ಬರೆಯಲು ಕೈ ಬರುತ್ತಿಲ್ಲ. ಸಿಟ್ಟಿನಲ್ಲೇ ನನ್ನ ಪಣವೂ ಬಾಯಿಂದ ಬಿತ್ತು. ಆ ಗೊಂಬೆಗಳು ಬೇರೆ ಯಾರೂ ಅಲ್ಲ, ಅವು ನೀನೇ, ನಿನ್ನನ್ನು ಉಳಿಸಲಿಕ್ಕೇ ಇಷ್ಟು ದಿನ ಆಡಿದೆ ಎಂದು ಹೇಳಿದೆ.

ಅಕ್ಕ ಅಳುತ್ತಾಳೆ ಎಂದುಕೊಂಡೆ. ಅವಳಿಗೆ ಬಂದದ್ದು ಸಿಟ್ಟು.

"ನನ್ನ ಸತ್ತೋರ ಡಬ್ಬ್ಯಾಗ ಇಟ್ಟಿದ್ದೇನು ನೀ?" ಎಂದಳು. ಆಮೇಲೆ ಬಹಳ ನಿಧಾನವಾಗಿ ಹೇಳಿದಳು. "ಡಾಕ್ಟ್ರು ಕೇಳಿದ್ರು, ಮನ್ಯಾಗ ನಿಮ್ಮ ಮಾವ ಕೇಳಿದ್ರು, ಬಸ್ಸಿನ್ಯಾಗ ಬಾಜೂಕ ಕುಂತಾಕಿನೂ ಕೇಳಿದ್ಳು, ಖರೇ ಕೊಡ್ತೀಯೇನವಾ ಅಂತ. ಯಾರ ಹೊಟ್ಯಾಗ ಹೋಗ್ತದೋ ಆಂವ ಒಬ್ಬನೇ ಕೇಳಿಲ್ಲ. ಕರೀಲಾರದ ಮನಿಗಿ ನಾ ಹೆಂಗ ಬರ್ಲಿ, ತಮ್ಮಾ?"

ಚೀಲ ತೆಗೆದುಕೊಂಡು ಗೋಗಿಗೆ ಹೊರಟೇಹೋದಳು. ಸುವರ್ಣಾ ತಡೆದರೂ ನಿಲ್ಲಲಿಲ್ಲ.

ಅವಳ ಮಾತಿನ ಪೆಟ್ಟು ನಮ್ಮ ಕಡೆಯವರಿಗೆ ಬೇಗ ತಿಳಿಯುತ್ತದೆ. ನಾಗರ ಪಂಚಮಿ ಹಬ್ಬಕ್ಕೆ ಹೆಣ್ಣುಮಗಳು ತಾನಾಗಿ ತವರಿಗೆ ಬರುವುದಿಲ್ಲ. ಎಷ್ಟೇ ಹತ್ತಿರದ ಊರಾಗಿರಲಿ, ಅಣ್ಣನೋ ತಮ್ಮನೋ ಹೋಗಿ, ಅವಳ ಮನೆಯ ಕಟ್ಟೆಯ ಮೇಲೆ ಕೂತು, ಅವಳ ಗಂಡನ ಎದುರು, ಕರಿಯಾಕ ಬಂದೀನಿ ಎಂದು ಬಾಯಿಬಿಟ್ಟು ಹೇಳಬೇಕು. ಕರೆಯದ ತವರಿಗೆ ಹೋದವಳು ಬಿಟ್ಟಿ ಬಂದವಳಾಗುತ್ತಾಳೆ. ನಾನು ಪ್ರತಿ ವರ್ಷ ತಪ್ಪದೆ ಹೋಗಿ ಕರೆದವನು. ಈ ಸಲ, ಅವಳು ಬದುಕಿನಲ್ಲೇ ದೊಡ್ಡದನ್ನು ತರುವಾಗ, ಕೇಳದೆ ಇರುವುದೇ ದೊಡ್ಡತನ ಎಂದುಕೊಂಡು ಕೂತಿದ್ದೆ. ಅಕ್ಕ ನನ್ನ ಕಾಯಿಲೆಗೆ ಕರೆಯದೆ ಬಂದ ಬೀಗತಿಯ ಹಾಗೆ ಬಾಗಿಲಲ್ಲಿ ನಿಂತಿದ್ದಳು.

ಅಂದು ಸಂಜೆ ಮತ್ತೆ ಹಲಗೆಯ ಮುಂದೆ ಕೂತೆ. ಹಿಂಗಾವಲು ಇಲ್ಲದೆ ಆಡಿದೆ. ರಷ್ಯನ್ನರು ನೇರವಾಗಿ ನಡೆದುಬಂದು ಸೇತುವೆ ಹತ್ತಿದರು, ಸೈನ್ಯದ ಅರ್ಧ ಆಚೆಯೇ ಉಳಿಯಿತು. ಅದರಿಂದ ಏನು ತಿಳಿಯಬೇಕೆಂದು ನನಗೆ ತಿಳಿಯಲಿಲ್ಲ. ಸುವರ್ಣಾ ಬಂದು ಪಕ್ಕದಲ್ಲಿ ನಿಂತಳು.

"ಮುಗೀತೇನ್ರಿ ಆಟ?" ಎಂದಳು. "ಮುಗಿದಿದ್ರ ಮುಂಜಾನಿ ಗೋಗಿಗಿ ಆಟೋ ಅದಾವ."

ಮರುದಿನ ಶೇರ್ ಆಟೋದಲ್ಲಿ ಕೂತೆ. ಉಬ್ಬಿದ ಕಾಲುಗಳನ್ನು ಎಲ್ಲಿ ಇಡುವುದೆಂದು ತಿಳಿಯದೆ ಎದುರಿನವರ ಗೊಬ್ಬರದ ಚೀಲದ ಮೇಲೆ ಇಟ್ಟುಕೊಂಡೆ. ಸುವರ್ಣಾ ಒಂದು ಚೀಲದಲ್ಲಿ ಕುಬಸದ ಬಟ್ಟೆ, ತೆಂಗಿನಕಾಯಿ, ಶೇಂಗಾ ಉಂಡಿ ಕಟ್ಟಿಕೊಟ್ಟಿದ್ದಳು. ಅದು ಪಂಚಮಿಯ ಕಾಲವಲ್ಲ. ಆಟೋದಲ್ಲಿದ್ದವರು ಚೀಲ ನೋಡಿ, ಯಾವ ಹಬ್ಬಕ್ಕೆ ಹೊರಟಿರಿ ಎಂದು ಕೇಳಿದರು. ಅಕ್ಕನನ್ನು ಕರೆಯಲು ಎಂದಷ್ಟೇ ಹೇಳಿದೆ.

ಮಾವ, ಎಂದರೆ ಅಕ್ಕನ ಗಂಡ, ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ನಿನ್ನೆಯ ಸಂಗತಿ ಅವರಿಗೆ ಗೊತ್ತಿತ್ತೆಂದು ಮುಖದಿಂದಲೇ ತಿಳಿಯಿತು. ಆದರೂ ಬಾ ಎಂದು ಕಂಬಳಿ ಹಾಸಿದರು. ಅಕ್ಕ ಒಳಗಿನಿಂದ ಬರಲಿಲ್ಲ. ನಾನು ಮೊದಲು ಮಾವನ ಎದುರು ನನ್ನ ಮಾತು ತೆಗೆದೆ. ನಿಮ್ಮ ಒಪ್ಪಿಗೆ ಇದ್ದರೆ ಎಂದು ಸುತ್ತಿ ಬಳಸಿ ಶುರು ಮಾಡಿದಾಗ ಅವರು ಹಗ್ಗದಿಂದ ಕಣ್ಣು ತೆಗೆಯದೆ, ಎಮ್ಮೆ ಮಾರುವಾಗಲೂ ನಾನು ಅವಳನ್ನೇ ಕೇಳುವವನು, ಅವಳ ಮೈಯ ಭಾಗ ಕೊಡುವ ಮಾತಿಗೆ ನನ್ನನ್ನೇಕೆ ಕೇಳುತ್ತಿ ಎಂದರು. ಧ್ವನಿ ಮಾತ್ರ ಗಟ್ಟಿ ಇರಲಿಲ್ಲ. ಅವರಿಗೂ ಹೆದರಿಕೆ ಇತ್ತು. ನನ್ನಿಂದ ಬಂದ ಹೆದರಿಕೆ ಎಂದು ತಲೆ ತಗ್ಗಿಸಿದೆ.

ಆಮೇಲೆ ಅಕ್ಕ ಬಾಗಿಲಿಗೆ ಬಂದು ನಿಂತಳು. ಬರುವಾಗ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ, ಒಂದೂ ನೆನಪಿಗೆ ಬರಲಿಲ್ಲ.

"ಅಕ್ಕಾ, ಕರಿಯಾಕ ಬಂದೀನಿ," ಎಂದೆ. "ನನಗ ನಿನ್ನ ಕಿಡ್ನಿ ಬೇಕಾಗ್ಯದ. ಕೊಡು."

ಎಷ್ಟೋ ತಿಂಗಳಿಂದ ಆಡದ ಮಾತು. ಆಡಿದ ಮೇಲೆ ನಾಚಿಕೆಯಿಂದ ಅತ್ತುಬಿಟ್ಟೆ. ಮಾವ ಎದ್ದು ಹಿತ್ತಲ ಕಡೆ ಹೋದರು. ಅಕ್ಕ ಬಂದು ಕಟ್ಟೆಯ ಮೇಲೆ ನನ್ನ ಪಕ್ಕದಲ್ಲಿ ಕೂತಳು.

"ನಿನಗಷ್ಟ ಬೇಕಾಗ್ಯದ ಅಂತ ತಿಳದೀದಿ," ಎಂದಳು. "ಅವ್ವ ಇಲ್ಲ, ಅಪ್ಪ ಇಲ್ಲ. ನೀನೂ ಹೋದ್ರ ನನ್ನ ಯಾರು ಕರಿಯಾಕ ಬರ್ತಾರ?"

ಕಳೆ ತೆಗೆಯುವುದು ಅರ್ಧಕ್ಕೆ ನಿಂತಿದೆ, ಮುಗಿಸಿ ಬರುತ್ತೇನೆ ಎಂದಳು. ಅಷ್ಟೇ ಮಾತು. ಚೀಲದಲ್ಲಿದ್ದ ಉಂಡಿಯೊಂದನ್ನು ಅಲ್ಲೇ ಮುರಿದು ತಿಂದಳು, ನನಗೆ ಕೊಡಲಿಲ್ಲ. ಬೆಲ್ಲ ಶೇಂಗಾ ನನಗೆ ಆಗದೆಂದು ಅವಳಿಗೆ ಯಾರು ಹೇಳಿದ್ದರೋ.

ಹೈದರಾಬಾದಿನಲ್ಲಿ ಆಪರೇಷನ್ ಆಯಿತು. ಅದರ ವಿವರ ಬೇಡ, ನಾನು ನಿದ್ದೆಯಲ್ಲಿದ್ದೆ. ಕೊಂಕಲ್ಲಿನವರು ನಾನು ಮರಳುವ ಮೊದಲೇ ತೀರಿಕೊಂಡಿದ್ದರು. ಯಾದಗಿರಿಗೆ ತೋರಿಸಿಕೊಳ್ಳಲು ಹೋದಾಗ ಆ ಹಾಸಿಗೆಯಲ್ಲಿ ಬೇರೆ ಯಾರೋ ಮಲಗಿದ್ದರು. ನಾನು ಆ ಕಡೆ ಬಹಳ ಹೊತ್ತು ನೋಡಲಾರದೆ ಹೊರಗೆ ಬಂದೆ. ಈಗ ಶಾಲೆಗೆ ಹೋಗುತ್ತೇನೆ, ನಿಂತು ಪಾಠ ಮಾಡುತ್ತೇನೆ. ಗೊಂಬೆಗಳ ಆಟವನ್ನೂ ಬಿಟ್ಟಿಲ್ಲ. ಹೊಸ ಹಿಂಗಾವಲು ತರಿಸಿ ಬಣ್ಣ ಬಳಿದಿದ್ದೇನೆ. ಅವರೂ ಆಚೆ ದಡದಲ್ಲೇ ಬೀಳುತ್ತಾರೆ, ನಾನು ಈಗ ಅವರ ಮೇಲೆ ಪಣ ಕಟ್ಟುವುದಿಲ್ಲ. ಅಕ್ಕ ಚಳಿಗಾಲದಲ್ಲಿ ಪಕ್ಕೆ ಹಿಡಿದುಕೊಳ್ಳುತ್ತಾಳೆ. ಮೊದಲಿನ ಹಾಗೆ ಮೂಟೆ ಎತ್ತುವುದಿಲ್ಲ, ಮಾವ ಎತ್ತುತ್ತಾರೆ. ಕೇಳಿದರೆ, ಏನೂ ಆಗಿಲ್ಲ ಎನ್ನುತ್ತಾಳೆ. ನನ್ನೊಳಗಿನ ಅಪರಾಧಿ ಭಾವ ಹೋಗಿದೆಯೇ ಎಂದು ಯಾರಾದರೂ ಕೇಳಿದರೆ, ಇಲ್ಲ. ಮಾತ್ರೆಗಳ ಹಾಗೆ ಅದೂ ದಿನಾ ಇದ್ದದ್ದೇ. ಆದರೆ ಕಾಯಿಲೆಯ ಮಂದಿಗೆ ಹೇಳಬೇಕೆಂದು ನಾನು ಇದನ್ನು ಬರೆಯಲು ಕೂತದ್ದು ಹೈದರಾಬಾದಿನ ಆಸ್ಪತ್ರೆಯ ಒಂದು ಬೆಳಗಿನ ಸಲುವಾಗಿ. ಅದನ್ನು ಹೇಳಿ ಮುಗಿಸುತ್ತೇನೆ.

ಕಿಡ್ನಿ ಕೊಟ್ಟವರಿಗೆ ಪಡೆದವರಿಗಿಂತ ಹೆಚ್ಚು ನೋವಿರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಆಪರೇಷನ್ ಆದ ಮೇಲೆ ನನಗೆ ದಿನದಿಂದ ದಿನಕ್ಕೆ ಬಾಯಿಗೆ ರುಚಿ ಬರುತ್ತಿತ್ತು, ಮುಖದ ಬೂದಿ ಬಣ್ಣ ಇಳಿಯುತ್ತಿತ್ತು. ಕನ್ನಡಿಯಲ್ಲಿ ನೋಡಿಕೊಳ್ಳಲು ಖುಷಿಯಾಗುತ್ತಿತ್ತು, ಖುಷಿಯಾದದ್ದಕ್ಕೆ ಹೇಸಿಗೆಯೂ ಆಗುತ್ತಿತ್ತು. ಅಕ್ಕನನ್ನು ನೋಡಲು ಬಿಡಿ ಎಂದು ದಿನವೂ ಕೇಳಿದೆ. ಕೊನೆಗೆ ಒಂದು ಬೆಳಿಗ್ಗೆ ಬಾಯಿಗೆ ಮಾಸ್ಕ್ ಕಟ್ಟಿ ನನ್ನನ್ನು ವರಾಂಡದವರೆಗೆ ನಡೆಸಿಕೊಂಡು ಬಂದರು. ಆ ತುದಿಯಿಂದ ಅಕ್ಕ ಬರುತ್ತಿದ್ದಳು. ಒಂದು ಕೈ ನರ್ಸ್ ಹಿಡಿದಿದ್ದರು, ಇನ್ನೊಂದು ಕೈ ಗೋಡೆಯ ಮೇಲೆ. ಸೊಂಟ ಬಗ್ಗಿತ್ತು. ಹೆಜ್ಜೆಗೊಮ್ಮೆ ನಿಂತು ತುಟಿ ಕಚ್ಚಿಕೊಳ್ಳುತ್ತಿದ್ದಳು. ನನ್ನನ್ನು ಕಂಡು ಬೆನ್ನು ನೆಟ್ಟಗೆ ಮಾಡಲು ನೋಡಿದಳು, ಆಗಲಿಲ್ಲ.

ನನಗೆ ತಡೆಯಲಾಗಲಿಲ್ಲ. ಗೋಡೆಗೆ ಒರಗಿ ನಿಂತು, "ತಪ್ಪಾತಕ್ಕಾ," ಎಂದೆ.

ಅವಳು ಉಸಿರು ಹಿಡಿದು, ಸುಧಾರಿಸಿಕೊಂಡು, ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ತಪ್ಪಾತಂದ್ರ ಹೊಳ್ಳಿ ಕೊಡು," ಎಂದಳು.

ನಾನು ಏನಾದರೂ ಹೇಳುವ ಮೊದಲೇ ನನ್ನ ಕೈ ಹೊಟ್ಟೆಯ ಮೇಲೆ ಹೋಗಿತ್ತು. ಯಾರೋ ಕಸಿದುಕೊಳ್ಳಲು ಬಂದ ಹಾಗೆ ಹೊಲಿಗೆಯ ಜಾಗವನ್ನು ಗಟ್ಟಿಯಾಗಿ ಮುಚ್ಚಿ ಹಿಡಿದಿದ್ದೆ. ಅದು ನನಗೆ ಗೊತ್ತಾದದ್ದು ಅಕ್ಕನ ಕಣ್ಣು ಅಲ್ಲಿ ಇಳಿದಾಗ. ನಾಚಿಕೆಯಿಂದ ಕೈ ತೆಗೆಯಲು ಹೋದೆ.

"ತಗೀಬ್ಯಾಡ," ಎಂದಳು ಅಕ್ಕ. "ಹಂಗ ಇಟ್ಕೋ."